ಕಣ್ಣು ತೊಳೆಯುವ ಮೊದಲು ಆಧಾರ್ ಕಾರ್ಡ್ ಕೇಳಿದ ಕ್ಯಾಜುವಾಲ್ಟಿ

ನಾಲ್ಕು ತಿಂಗಳ ಹಿಂದೆ, ಒಂದು ಭಾನುವಾರ ಸಂಜೆ ಏಳು ಗಂಟೆಯ ಹೊತ್ತಿಗೆ, ನನ್ನ ತಂಗಿಯ ನಾಲ್ಕು ವರ್ಷದ ಮಗ ಅಜ್ಜಿಯ ಎಲೆಅಡಿಕೆ ಚಂಚಿಯಿಂದ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ಹೊರಗೆಳೆದು ಎರಡೂ ಕೈಗಳಿಂದ ಅದುಮಿದ. ಪೊಟ್ಟಣದ ಮೂಲೆ ಒಡೆದು ಸುಣ್ಣ ನೇರವಾಗಿ ಅವನ ಬಲಗಣ್ಣಿಗೆ ಚಿಮ್ಮಿತು. ಅಮ್ಮ ಗಾಬರಿಯಿಂದ ಸೆರಗಿನಲ್ಲಿ ಒರೆಸಿದರು, ತಂಗಿ ಎರಡು ಚೊಂಬು ನೀರು ಹುಯ್ದಳು, ಪಕ್ಕದ ಮನೆಯವರು ಹರಳೆಣ್ಣೆ ಬಿಡಿ ಎಂದರು. ಮಗು ಕಣ್ಣು ಬಿಡಲು ಒಪ್ಪದೆ ಕಿರುಚುತ್ತಿತ್ತು. ಇನ್ನು ತಡ ಮಾಡಬಾರದೆಂದು ನಾನು ಕಾರು ತೆಗೆದೆ. ಅದು ಎಂಥ ತಪ್ಪು ಎಂದು ಈಗ ಗೊತ್ತಾಗಿದೆ. ಮನೆಯ ನಲ್ಲಿಯ ಕೆಳಗೇ ಅವನನ್ನು ಅರ್ಧ ಗಂಟೆ ಹಿಡಿದಿದ್ದರೆ, ಆಮೇಲೆ ಹೊರಟಿದ್ದರೆ, ಇಂದು ಈ ಬರಹದ ಅಗತ್ಯವೇ ಬರುತ್ತಿರಲಿಲ್ಲವೇನೋ. ಆದರೆ ನಾವು ವೈದ್ಯರಲ್ಲ. ವೈದ್ಯರಿರುವ ಜಾಗಕ್ಕೆ ಬೇಗ ಮುಟ್ಟುವುದೇ ಸರಿ ಎಂದು ನಂಬಿದ ಸಾಮಾನ್ಯ ಜನ ನಾವು. ನನ್ನ ಸಿಟ್ಟೆಲ್ಲ ಆ ನಂಬಿಕೆಗೆ ಒದಗಿದ ಗತಿಯ ಕುರಿತಾದದ್ದು.

ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೊರಗೆ ಕೆಂಪು ಅಕ್ಷರಗಳಲ್ಲಿ ‘24 ಗಂಟೆಗಳ ತುರ್ತು ಚಿಕಿತ್ಸೆ’ ಎಂಬ ಫಲಕವಿದ್ದ ದೊಡ್ಡ ಖಾಸಗಿ ಆಸ್ಪತ್ರೆ ಎಂದರೆ ಸಾಕು. ಒಳಗೆ ಕಾಲಿಟ್ಟ ತಕ್ಷಣ ನಮ್ಮನ್ನು ತಡೆದದ್ದು ನೋಂದಣಿ ಕೌಂಟರ್. ಮಗುವಿನ ಆಧಾರ್ ಕಾರ್ಡ್ ಇದೆಯೇ, ಮೊದಲು ಇಲ್ಲಿಗೆ ಬಂದಿದ್ದಿರೇ, ವಿಮೆ ಇದೆಯೇ, ತಂದೆಯ ಮೊಬೈಲ್ ಸಂಖ್ಯೆ ಯಾವುದು ಎಂಬ ಪ್ರಶ್ನೆಗಳು ಒಂದಾದ ಮೇಲೊಂದು ಬಂದವು. “ಕಣ್ಣಿಗೆ ಸುಣ್ಣ ಬಿದ್ದಿದೆ, ಮೊದಲು ಮಗುವನ್ನು ನೋಡಿ” ಎಂದು ತಂಗಿ ಬೇಡಿಕೊಂಡಳು. “ಫೈಲ್ ಆಗದೆ ಡಾಕ್ಟರ್ ನೋಡಲ್ಲ ಮೇಡಂ, ಅಲ್ಲಿ ಕೂತ್ಕೊಳ್ಳಿ” ಎಂಬ ಉತ್ತರ ಬಂತು. ನಾವು ಕೂತೆವು. ಮೂವತ್ತೈದು ನಿಮಿಷ ಕೂತೆವು. ನಾವು ಕೂತಿದ್ದ ಬೆಂಚಿನ ಹಿಂದೆ ಕೈ ತೊಳೆಯುವ ಸಿಂಕ್ ಇತ್ತು, ಅದರ ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಅಷ್ಟು ಹೊತ್ತಿನಲ್ಲಿ ನಮ್ಮ ಮುಂದೆ ಹಾದುಹೋದ ಇಬ್ಬರು ನರ್ಸ್‌ಗಳಾಗಲಿ, ವಾರ್ಡ್‌ಬಾಯ್ ಆಗಲಿ, ಕೌಂಟರಿನವರಾಗಲಿ, ಭದ್ರತಾ ಸಿಬ್ಬಂದಿಯಾಗಲಿ, ಮಗುವಿನ ತಲೆಯನ್ನು ಆ ನಲ್ಲಿಯ ಕೆಳಗೆ ಹಿಡಿಯಿರಿ ಎಂಬ ಒಂದೇ ಒಂದು ಮಾತು ಹೇಳಲಿಲ್ಲ.

ಕೊನೆಗೆ ಒಳಗೆ ಕರೆದರು. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು. ಪಕ್ಕದ ಮಂಚದಲ್ಲಿ ಎದೆನೋವಿನ ಹಿರಿಯರೊಬ್ಬರಿದ್ದರು. ಡಾಕ್ಟರರ ಗಮನವೆಲ್ಲ ಅತ್ತಲೇ ಇತ್ತು. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಮಗುವಿನ ಕಣ್ಣಿಗೆ ಒಂದು ಹನಿ ನೀರು ಬೀಳುವ ಮೊದಲು ಅದರ ತೊಡೆಗೆ ಟಿಟಿ ಇಂಜೆಕ್ಷನ್ ಬಿತ್ತು. ಟಾರ್ಚ್ ಹಿಡಿದು ಕಣ್ಣು ತೆರೆಯಲು ನೋಡಿದರು, ಮಗು ಬಿಡಲಿಲ್ಲ. ಆ್ಯಂಟಿಬಯಾಟಿಕ್ ಹನಿ ಎರಡು ತೊಟ್ಟು ಬಿಟ್ಟು, ಮೇಲೆ ಹತ್ತಿಯ ಪ್ಯಾಡ್ ಇಟ್ಟು, ಬಿಗಿಯಾಗಿ ಟೇಪ್ ಅಂಟಿಸಿದರು. “ಕಣ್ಣಿನ ಡಾಕ್ಟರ್ ನಾಳೆ ಬೆಳಿಗ್ಗೆ ಹತ್ತಕ್ಕೆ ಓಪಿಡಿಗೆ ಬರ್ತಾರೆ, ಆಗ ತೋರಿಸಿ. ಅಷ್ಟೇನೂ ಗಾಬರಿ ಪಡುವಂಥದ್ದಲ್ಲ” ಎಂದರು. ಇದು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಆಗುತ್ತದೋ ಇಲ್ಲವೋ ಎಂಬ ಚರ್ಚೆಗೆ ಮತ್ತೆ ಹತ್ತು ನಿಮಿಷ ಹೋಯಿತು. ಅಷ್ಟು ಹೊತ್ತೂ ಸುಣ್ಣದ ಗಂಟುಗಳು ಮಗುವಿನ ಮೇಲ್ರೆಪ್ಪೆಯ ಅಡಿಯಲ್ಲಿ ಹಾಗೇ ಇದ್ದವು, ಅದರ ಮೇಲೆ ಬಿಗಿಯಾದ ಪ್ಯಾಡ್ ಬೇರೆ.

ಅದು ನಮಗೆ ತಿಳಿದದ್ದು ರಾತ್ರಿ ಹತ್ತು ಗಂಟೆಗೆ, ತಂಗಿಯ ಹಟದಿಂದಾಗಿ ಪಕ್ಕದ ನಗರದ ಕಣ್ಣಿನ ಆಸ್ಪತ್ರೆಗೆ ಹೋದ ಮೇಲೆ. ಅಲ್ಲಿದ್ದ ವೈದ್ಯೆ ‘ಸುಣ್ಣ’ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಎದ್ದು ನಿಂತು ಪ್ಯಾಡನ್ನು ಕಿತ್ತರು. ಹೆಸರನ್ನೂ ಕೇಳಲಿಲ್ಲ. ನೋವು ಮರಗಟ್ಟಿಸುವ ಹನಿ ಹಾಕಿದರು. ಅರ್ಧ ನಿಮಿಷದಲ್ಲಿ ಮಗುವಿನ ಚೀರಾಟ ಇಳಿಯಿತು. ಕೆಳರೆಪ್ಪೆಯ ಒಳಗೆ ಲಿಟ್ಮಸ್ ಕಾಗದದ ತುಂಡನ್ನು ತಾಗಿಸಿ ನೋಡಿದರು, ಅದು ಕ್ಷಾರದ ಗುರುತಾದ ಕಡುನೀಲಿಗೆ ತಿರುಗಿತು. ಮಗುವನ್ನು ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಸಲೈನ್ ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕಿ, ಸೂಜಿಯಿಲ್ಲದ ಡ್ರಿಪ್ ನಳಿಕೆಯಿಂದ ಕಣ್ಣಿಗೆ ನೀರು ಹರಿಸತೊಡಗಿದರು. ಮೇಲ್ರೆಪ್ಪೆಯನ್ನು ಮಗುಚಿ, ಅದರ ಒಳಮೂಲೆಯಲ್ಲಿ ಅಡಗಿದ್ದ ಬಿಳಿಯ ಗಂಟುಗಳನ್ನು ಒದ್ದೆ ಹತ್ತಿಯ ಕಡ್ಡಿಯಿಂದ ಒಂದೊಂದಾಗಿ ತೆಗೆದರು. ನಾಲ್ಕು ಬಾಟಲಿ, ಎಂದರೆ ಎರಡು ಲೀಟರ್ ಹರಿದ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಕಾದು ಮತ್ತೆ ಕಾಗದ ತಾಗಿಸಿದರು. ಬಣ್ಣ ಮತ್ತೆ ನೀಲಿಯತ್ತ ಹೊರಳಿದ್ದನ್ನು ಕಂಡು ಇನ್ನೊಂದು ಬಾಟಲಿ ಏರಿಸಿದರು. ಹೆಸರು, ವಯಸ್ಸು, ವಿಳಾಸ ಬರೆದುಕೊಂಡದ್ದು ಅದೆಲ್ಲ ಮುಗಿದ ಮೇಲೆ. ದೃಷ್ಟಿ ಪರೀಕ್ಷೆ ಕೂಡ ಆಮೇಲೆಯೇ.

ಆ ನಂತರದ ದಿನಗಳಲ್ಲಿ ಅವರು ಬಿಡಿಸಿ ಹೇಳಿದ್ದನ್ನು ಮತ್ತು ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆಯಲೇಬೇಕು. ಸುಣ್ಣ ತೀವ್ರವಾದ ಕ್ಷಾರ, ಆಮ್ಲ-ಕ್ಷಾರಗಳನ್ನು ಅಳೆಯುವ ಪಿಎಚ್ ಮಾಪಕದಲ್ಲಿ ಅದರ ಮಟ್ಟ 12ಕ್ಕಿಂತ ಹೆಚ್ಚು. ಆಮ್ಲ ಬಿದ್ದರೆ ಕಣ್ಣಿನ ಮೇಲ್ಪದರದ ಪ್ರೋಟೀನುಗಳು ಹೆಪ್ಪುಗಟ್ಟಿ, ಒಂದು ಮಟ್ಟಿಗೆ ತಾವೇ ಗೋಡೆಯಂತೆ ಅಡ್ಡ ನಿಲ್ಲುತ್ತವೆ. ಕ್ಷಾರಕ್ಕೆ ಅಂಥ ತಡೆಯಿಲ್ಲ. ಅದು ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬನ್ನು ಸಾಬೂನಾಗಿಸಿ, ಕರಗಿಸುತ್ತ, ಇನ್ನೂ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಮೇಲಾಗಿ ಸುಣ್ಣ ಗಂಟುಗಟ್ಟಿ ರೆಪ್ಪೆಯಡಿ ಕೂರುವುದರಿಂದ, ಅದನ್ನು ತೆಗೆಯುವ ತನಕ ಗಂಟೆಗಟ್ಟಲೆ ಹೊಸ ಕ್ಷಾರ ಒಸರುತ್ತಲೇ ಇರುತ್ತದೆ. ಆದ್ದರಿಂದಲೇ ಕಣ್ಣಿನ ರಾಸಾಯನಿಕ ಗಾಯವು, ಪರೀಕ್ಷೆಗಿಂತ ಮೊದಲು, ಕೇಸಿನ ವಿವರ ಕೇಳುವುದಕ್ಕಿಂತ ಮೊದಲು, ದೃಷ್ಟಿ ಅಳೆಯುವುದಕ್ಕಿಂತ ಮೊದಲು ಚಿಕಿತ್ಸೆ ಆರಂಭಿಸಬೇಕಾದ ಕೆಲವೇ ತುರ್ತುಗಳಲ್ಲಿ ಒಂದು. ಸಲೈನ್ ಸಿಗುವ ತನಕ ಕಾಯುವುದೂ ತಪ್ಪು. ಶುದ್ಧವಾದ ಯಾವ ನೀರಾದರೂ ಆಗುತ್ತದೆ. ಕನಿಷ್ಠ ಅರ್ಧ ಗಂಟೆ, ಪಿಎಚ್ 7ರ ಆಸುಪಾಸಿಗೆ ಇಳಿದು ಅಲ್ಲೇ ನಿಲ್ಲುವ ತನಕ ತೊಳೆಯುತ್ತಲೇ ಇರಬೇಕು. ಕ್ಷಾರಕ್ಕೆ ಆಮ್ಲ ಮದ್ದೆಂದು ಯಾರಾದರೂ ನಿಂಬೆರಸದ ಮಾತೆತ್ತಿದರೆ ಅವರನ್ನು ದೂರ ಕಳಿಸಬೇಕು.

ಇದರಲ್ಲಿ ಯಾವುದಕ್ಕೆ ದೊಡ್ಡ ಯಂತ್ರ ಬೇಕು? ಯಾವುದಕ್ಕೆ ರಾತ್ರಿಯ ಹೊತ್ತು ನೇತ್ರತಜ್ಞರೇ ಎದುರಿಗಿರಬೇಕು? ನಲ್ಲಿಯ ನೀರು, ಸಲೈನ್ ಬಾಟಲಿ, ಡ್ರಿಪ್ ನಳಿಕೆ, ಮರಗಟ್ಟಿಸುವ ಹನಿ, ಲಿಟ್ಮಸ್ ಕಾಗದ, ಹತ್ತಿಯ ಕಡ್ಡಿ. ಸಿಟಿ ಸ್ಕ್ಯಾನ್ ಇದೆಯೆಂದು ಹೆದ್ದಾರಿಯುದ್ದಕ್ಕೂ ಫಲಕ ನಿಲ್ಲಿಸುವ ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ಲಿಟ್ಮಸ್ ಕಾಗದದ ಒಂದು ಪುಟ್ಟ ಪುಸ್ತಕ ಇಲ್ಲವೆಂದರೆ, ಅದನ್ನು ಬಡತನ ಎನ್ನಲು ನನಗೆ ಸಾಧ್ಯವಿಲ್ಲ. ಅದು ಬರಿಯ ಅಲಕ್ಷ್ಯ.

ಆ ಯುವ ವೈದ್ಯರ ಮೇಲೆ ನನಗೆ ಮೊದಲ ವಾರ ಇದ್ದ ರೋಷ ಈಗ ಇಲ್ಲ. ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ ಮಾಡುವ ಒಂದು ವರ್ಷದಲ್ಲಿ ಕಣ್ಣಿನ ವಿಭಾಗಕ್ಕೆ ಸಿಗುವುದು ಸುಮಾರು ಎರಡು ವಾರ, ಕಿವಿ ಮೂಗು ಗಂಟಲಿನ ವಿಭಾಗಕ್ಕೂ ಅಷ್ಟೇ. ಆ ದಿನಗಳನ್ನು ಬಹುತೇಕ ಹುಡುಗರು ಪಿಜಿ ಪ್ರವೇಶ ಪರೀಕ್ಷೆಗೆ ಓದಿಕೊಳ್ಳಲು ಸಿಕ್ಕ ಬಿಡುವೆಂದೇ ಕಾಣುತ್ತಾರೆ ಎಂದು ವೈದ್ಯ ಸ್ನೇಹಿತರೊಬ್ಬರು ನನಗೆ ಹೇಳಿದರು. ಹೀಗೆ ತಯಾರಾದವರನ್ನು ರಾತ್ರಿ ಪಾಳಿಯಲ್ಲಿ ಒಬ್ಬಂಟಿಯಾಗಿ ಕೂರಿಸಿ, ಕಣ್ಣಿಗೆ ರಾಸಾಯನಿಕ ಬಿದ್ದರೆ ಮೊದಲು ತೊಳೆ ಎಂಬ ಒಂದು ಹಾಳೆಯನ್ನೂ ಗೋಡೆಗೆ ಅಂಟಿಸದ, ಕೌಂಟರಿನ ಹುಡುಗಿಗೆ ಹಾಗೂ ಬಾಗಿಲಿನ ಭದ್ರತಾ ಸಿಬ್ಬಂದಿಗೆ ಆ ಒಂದು ವಾಕ್ಯವನ್ನೂ ಕಲಿಸದ ಆಡಳಿತದ ಮೇಲೆ ನನ್ನ ಸಿಟ್ಟಿದೆ. ನಮ್ಮ ನಾಡಿನಲ್ಲಿ ಸುಣ್ಣ ಅಪರೂಪದ ವಸ್ತುವೇ? ಎಲೆಅಡಿಕೆ ಇರುವ ಮನೆಯಲ್ಲೆಲ್ಲ ಅದಿದೆ, ಗೋಡೆಗೆ ಬಳಿಯುವಲ್ಲಿ ಇದೆ, ತೋಟಕ್ಕೆ ಬೋರ್ಡೋ ದ್ರಾವಣ ಕಲಸುವಲ್ಲಿ ಇದೆ. ಮೊದಲೆಲ್ಲ ಸುಣ್ಣ ಲೋಹದ ಡಬ್ಬಿಯಲ್ಲಿರುತ್ತಿತ್ತು. ಈಗ ಮಕ್ಕಳ ಕೈಗೆ ಆಟಿಕೆಯಂತೆ ಕಾಣುವ, ಅದುಮಿದರೆ ಚಿಮ್ಮುವ ತೆಳು ಪೊಟ್ಟಣ ಬಂದಿದೆ. ಅದರ ಮೇಲೆ ಮಕ್ಕಳಿಂದ ದೂರವಿಡಿ ಎಂಬ ಎಚ್ಚರಿಕೆಯೂ ಇರಲಿಲ್ಲ.

“ಸಾಯುವಂಥದ್ದೇನಲ್ಲವಲ್ಲ.” ನನ್ನನ್ನು ಇಂದಿಗೂ ಸುಡುವುದು ಅಂದು ರಾತ್ರಿ ಆ ಕ್ಯಾಜುವಾಲ್ಟಿಯಲ್ಲಿ ಕೇಳಿದ ಈ ಮಾತು. ಕಣ್ಣು, ಕಿವಿ, ಮೂಗು, ಗಂಟಲಿನ ತುರ್ತುಗಳನ್ನೆಲ್ಲ ಈ ಒಂದೇ ತಕ್ಕಡಿಯಲ್ಲಿಟ್ಟು ಬೆಳಿಗ್ಗೆಯ ಓಪಿಡಿಗೆ ತಳ್ಳಲಾಗುತ್ತಿದೆ. ನನ್ನ ಸಹೋದ್ಯೋಗಿಯೊಬ್ಬರು ಒಂದು ಬೆಳಗ್ಗೆ ಏಳುವಾಗ ಎಡಗಿವಿ ಪೂರ್ತಿ ಮುಚ್ಚಿಹೋಗಿ ಒಳಗೆ ಶಿಳ್ಳೆಯಂಥ ಸದ್ದು ಕೇಳುತ್ತಿತ್ತು. ಕ್ಯಾಜುವಾಲ್ಟಿಯಲ್ಲಿ ಟಾರ್ಚ್ ಬಿಟ್ಟು ನೋಡಿ, ಗುಗ್ಗೆ ತುಂಬಿದೆಯೆಂದು ಅದನ್ನು ಕರಗಿಸುವ ಹನಿ ಬರೆದು ಕಳಿಸಿದರು. ಮೂರು ವಾರ ಆ ಹನಿ ಹಾಕಿಕೊಂಡ ಮೇಲೆ ಇಎನ್‌ಟಿ ತಜ್ಞರ ಬಳಿ ಹೋದಾಗ, ಅದು ನರಸಂಬಂಧಿಯಾದ ಹಠಾತ್ ಕಿವುಡುತನ ಎಂದು ಗೊತ್ತಾಯಿತು. ಅದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಫಲ ಕೊಡುವುದು ಮೊದಲ ಎರಡು ವಾರಗಳಲ್ಲಿ, ಅದರಲ್ಲೂ ಆದಷ್ಟು ಬೇಗ ಕೊಟ್ಟಾಗ. ಗುಗ್ಗೆಯೋ ನರವೋ ಎಂದು ಅಂದಾಜಿಸಲು ಅಂದೇ ಒಂದು ಟ್ಯೂನಿಂಗ್ ಫೋರ್ಕನ್ನು ಬಡಿದು ಹಣೆಯ ನಡುವೆ ಇಟ್ಟು, ಸದ್ದು ಯಾವ ಕಿವಿಗೆ ಹೆಚ್ಚು ಕೇಳುತ್ತದೆ ಎಂದು ಕೇಳಿದ್ದರೂ ಸಾಕಿತ್ತು. ಮೂಗಿಗೆ ಬಟನ್ ಬ್ಯಾಟರಿ ತೂರಿಸಿಕೊಂಡ ಮಗುವನ್ನು ನೆಗಡಿಯೆಂದು ಮನೆಗೆ ಕಳಿಸುವುದೂ ಇದೇ ಬಗೆಯ ಅಪರಾಧ. ಒದ್ದೆಯಾದ ಮೂಗಿನಲ್ಲಿ ಬ್ಯಾಟರಿಯ ವಿದ್ಯುತ್ತು ಹರಿದು ಅಲ್ಲಿ ಹುಟ್ಟುವುದೂ ಕ್ಷಾರವೇ. ಕೆಲವೇ ಗಂಟೆಗಳಲ್ಲಿ ಅದು ಮೂಗಿನ ನಡುಗೋಡೆಯನ್ನು ಸುಟ್ಟು ತೂತು ಮಾಡಬಲ್ಲದು.

ಪೊಲೀಸ್ ವಿಧಿವಿಧಾನಗಳಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬಾರದು, ಸರ್ಕಾರಿಯಾಗಲಿ ಖಾಸಗಿಯಾಗಲಿ ವೈದ್ಯರ ಮೊದಲ ಕರ್ತವ್ಯ ಗಾಯಾಳುವಿಗೆ ಚಿಕಿತ್ಸೆ ಕೊಡುವುದು ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆ ತೀರ್ಪು ಜೀವ ಉಳಿಸುವ ಮಾತನ್ನಾಡುತ್ತದೆ, ಕಣ್ಣು ಜೀವವಲ್ಲವಲ್ಲ ಎಂದು ಯಾರಾದರೂ ವಾದಿಸುವುದಾದರೆ, ನಮ್ಮ ಮನೆಗೆ ಬಂದು ಆ ಮಗುವನ್ನು ನೋಡಲಿ. ಕಣ್ಣಿನ ಕರಿಭಾಗ ಮತ್ತು ಬಿಳಿಭಾಗ ಸೇರುವ ಅಂಚಿನ ಉಂಗುರದಲ್ಲಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಜೀವನಪೂರ್ತಿ ಹೊಸದಾಗಿಸುತ್ತಿರುವ ಕೋಶಗಳಿವೆಯಂತೆ. ನಮ್ಮ ಹುಡುಗನಿಗೆ ಆ ಉಂಗುರದ ಕಾಲು ಭಾಗ ರಕ್ತವಿಲ್ಲದೆ ಬಿಳಿಚಿ ಹೋಗಿತ್ತು. ಮೊದಲ ವಾರ ಹಗಲೂ ರಾತ್ರಿಯೂ ಹನಿ ಹಾಕಿದೆವು, ರೆಪ್ಪೆಯೂ ಗುಡ್ಡೆಯೂ ಅಂಟಿಕೊಳ್ಳದಂತೆ ವೈದ್ಯೆ ಗಾಜಿನ ಕಡ್ಡಿ ಆಡಿಸಿದರು. ಕಣ್ಣು ಉಳಿದಿದೆ, ಆದರೆ ಕಾರ್ನಿಯಾದ ಒಂದು ಪಕ್ಕದಲ್ಲಿ ಮಂಜು ಕವಿದಂತೆ ಮಸುಕು ನಿಂತಿದೆ. ಈ ವಯಸ್ಸಿನಲ್ಲಿ ಒಂದು ಕಣ್ಣು ಮಂಜಾದರೆ ಮೆದುಳು ಅದನ್ನು ಬಳಸುವುದನ್ನೇ ಬಿಟ್ಟುಬಿಡುತ್ತದೆ ಎಂಬ ಕಾರಣಕ್ಕೆ, ದಿನವೂ ಎರಡು ಗಂಟೆ ಅವನ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಬೇಕು. ಆ ಎರಡು ಗಂಟೆ ಅವನು ಗೋಡೆ ಹಿಡಿದು ನಡೆಯುತ್ತಾನೆ. ಅಮ್ಮ ಎಲೆಅಡಿಕೆ ಹಾಕುವುದನ್ನೇ ಬಿಟ್ಟಿದ್ದಾರೆ. ಯಾರೂ ಏನೂ ಅನ್ನದಿದ್ದರೂ ಅವನ ಪಟ್ಟಿಯ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಾರೆ.

ನಾನು ಆಸ್ಪತ್ರೆಗೆ ದೂರು ಬರೆದೆ. ಪರಿಹಾರದ ಹಣ ಕೇಳಲಿಲ್ಲ. ಆ ಬೆಂಚಿನ ಹಿಂದಿನ ಸಿಂಕಿನ ಮೇಲೆ ‘ಕಣ್ಣಿಗೆ ಏನಾದರೂ ರಾಸಾಯನಿಕ ಬಿದ್ದಿದ್ದರೆ ಇಲ್ಲಿ ತೊಳೆಯಲು ಶುರುಮಾಡಿ, ಕೂಡಲೇ ನರ್ಸನ್ನು ಕರೆಯಿರಿ’ ಎಂಬ ಕನ್ನಡದ ಫಲಕ ಹಾಕಿ, ಕ್ಯಾಜುವಾಲ್ಟಿಯಲ್ಲಿ ಲಿಟ್ಮಸ್ ಕಾಗದ ಇಡಿ, ಕೌಂಟರಿನವರಿಗೆ ಈ ಒಂದು ವಿಷಯವನ್ನು ಕಲಿಸಿ ಎಂದಷ್ಟೇ ಕೇಳಿದೆ. ಆರು ವಾರಗಳ ನಂತರ ಉತ್ತರ ಬಂತು. ‘ನಿಯಮಾನುಸಾರ ಕಣ್ಣು ತೊಳೆಯುವುದೂ ಸೇರಿದಂತೆ ಅಗತ್ಯ ಪ್ರಥಮ ಚಿಕಿತ್ಸೆಯನ್ನು ನೀಡಲಾಗಿದೆ’ ಎಂದು ಅದರಲ್ಲಿದೆ. ಅಂದಿನ ಬಿಲ್ಲು ನನ್ನ ಬಳಿ ಇದೆ. ನೋಂದಣಿ, ತುರ್ತು ಸಮಾಲೋಚನೆ, ಟಿಟಿ, ಸಿರಿಂಜ್, ಕಣ್ಣಿನ ಹನಿ, ಪ್ಯಾಡ್, ಟೇಪ್ ಎಲ್ಲಕ್ಕೂ ಪ್ರತ್ಯೇಕ ಮೊತ್ತ ಹಾಕಿದ್ದಾರೆ. ಸಲೈನ್ ಅದರಲ್ಲಿ ಇಲ್ಲ. ಬಿಲ್ಲಿನ ಪ್ರತಿಯನ್ನು ಲಗತ್ತಿಸಿ, ತೊಳೆದದ್ದು ಯಾರು, ಎಷ್ಟು ಗಂಟೆಗೆ, ಯಾವ ನೀರಿನಿಂದ ಎಂಬ ಮೂರು ಪ್ರಶ್ನೆಗಳನ್ನು ಬರೆದು ಎರಡನೆಯ ಪತ್ರವನ್ನು ಕಳೆದ ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ.