ಅಟ್ಟದ ಪ್ರಾಣಿಯ ಹೊಕ್ಕುಳಲ್ಲಿ ಕಸ್ತೂರಿ ಇಲ್ಲ: ಒಂದು ಸ್ಪಷ್ಟನೆ

ಶಿರಸಿ ಸೀಮೆಯ ಮನೆಯೊಂದರ ಅಟ್ಟದಲ್ಲಿ ಪುನುಗು ಬೆಕ್ಕು ಸಿಕ್ಕಿದೆ, ಅದರ ಹೊಕ್ಕುಳಲ್ಲಿರುವ ಕಸ್ತೂರಿ ಲಕ್ಷಗಟ್ಟಲೆ ಬೆಲೆಬಾಳುತ್ತದೆ ಎಂಬ ಒಕ್ಕಣೆಯ ಚಿತ್ರವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಚಿತ್ರದಲ್ಲಿರುವುದು ಪುನುಗು ಬೆಕ್ಕಲ್ಲ. ತೋಟದವರೆಲ್ಲ ಬಲ್ಲ ಕಬ್ಬೆಕ್ಕು. (ಹೆಸರಲ್ಲಿ ಬೆಕ್ಕೆಂದಿದ್ದರೂ ಎರಡೂ ಬೆಕ್ಕಿನ ಕುಟುಂಬಕ್ಕೆ ಸೇರಿದವಲ್ಲ.) ಗುರುತಿಗೆ ಬಾಲ ನೋಡಿದರೆ ಸಾಕು: ಪುನುಗು ಬೆಕ್ಕಿನ ಬಾಲದಲ್ಲಿ ಕಪ್ಪು ಬಿಳಿ ಉಂಗುರಗಳು ಒಂದರ ಹಿಂದೊಂದು ಎದ್ದು ಕಾಣುತ್ತವೆ, ಚಿತ್ರದ ಪ್ರಾಣಿಯ ಬಾಲದಲ್ಲಿ ಉಂಗುರಗಳೇ ಇಲ್ಲ, ತುದಿಯತ್ತ ಬರೀ ಕಪ್ಪು. ಪುನುಗು ಬೆಕ್ಕು ಬಹುಮಟ್ಟಿಗೆ ನೆಲದ ಮೇಲೆ ಓಡಾಡಿ ಬಿಲ, ಪೊದೆಗಳಲ್ಲಿ ಹಗಲು ಕಳೆಯುವಂಥದ್ದು. ಹಂಚಿನ ಸಂದಿಯಲ್ಲಿ ನುಸುಳಿ ಅಟ್ಟ ಸೇರಿ ನಡುರಾತ್ರಿ ದಡಬಡ ಎನ್ನಿಸುವುದು, ಬೈನೆ ಹಣ್ಣು ತಿಂದು ಬೀಜಗಳನ್ನು ಹಿಕ್ಕೆಯಲ್ಲಿ ಇಡಿಯಾಗಿಯೇ ಕಲ್ಲಿನ ಮೇಲೆ ಬಿಟ್ಟುಹೋಗುವುದು ಕಬ್ಬೆಕ್ಕಿನ ರೂಢಿ.

ಕಸ್ತೂರಿಯ ಮಾತಂತೂ ಇನ್ನೂ ದೊಡ್ಡ ತಪ್ಪು. ಕಸ್ತೂರಿ ಹಿಮಾಲಯದ ಗಂಡು ಕಸ್ತೂರಿ ಮೃಗದ್ದು. ಪುನುಗಾದರೋ ಪುನುಗು ಬೆಕ್ಕಿನ ಗಂಡು ಹೆಣ್ಣು ಎರಡರಲ್ಲೂ ಬಾಲದ ಬುಡದ ಕೆಳಗಿನ ಗ್ರಂಥಿಗಳಲ್ಲಿ ಒಸರುವ ಬೆಣ್ಣೆಯಂಥ ದ್ರವ್ಯ; ತನ್ನ ಓಡಾಟದ ಜಾಗವನ್ನು ಗುರುತಿಸಲು ಪ್ರಾಣಿ ಅದನ್ನು ಕಲ್ಲು, ಕಾಂಡಗಳಿಗೆ ಸವರುತ್ತದೆ. ಪುನುಗು ಬೆಕ್ಕು, ಕಬ್ಬೆಕ್ಕು ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ ಹಿಡಿಯುವುದೂ ಮಾರುವುದೂ ಅಪರಾಧ. ಕಾಟ ತಾಳಲಾರದವರು ಹಂಚಿನ ಸಂದಿ ಮುಚ್ಚಬಹುದು, ಆದರೆ ಒಳಗೆ ಮರಿಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ.