ಕುವೆಂಪು ಓದಲು ಅವರ ದೇವರು ಬೇಕೇ?

ನಮ್ಮ ಮನೆಯಲ್ಲಿ ಕುವೆಂಪು ವಿಷಯಕ್ಕೆ ಎರಡು ಪಕ್ಷ. ಒಂದು ದೊಡ್ಡಪ್ಪನದು. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಇನ್ನೊಂದು ನನ್ನದು. ಜಗಳ ಪ್ರತಿ ಸಲ ಒಂದೇ: ಕುವೆಂಪು ಅವರ ಅಧ್ಯಾತ್ಮವನ್ನು ಪಕ್ಕಕ್ಕಿಟ್ಟು ಕುವೆಂಪು ಓದಲು ಬರುತ್ತದೆಯೇ? ದೊಡ್ಡಪ್ಪ ಬರುವುದಿಲ್ಲ ಅಂತಾರೆ, ನಾನು ಬರುತ್ತದೆ ಅಂತೀನಿ. ಈ ಸಲ ಎರಡನ್ನೂ ಬರೆದಿಟ್ಟಿದ್ದೇನೆ. ಮೊದಲನೆಯದು ದೊಡ್ಡಪ್ಪನ ವಾದ, ನನ್ನ ಕೈಬರಹದಲ್ಲಿ. ಓದಿ ನೋಡಿ, 'ಪರವಾಗಿಲ್ಲ, ಮೋಸ ಮಾಡಿಲ್ಲ' ಎಂದರು.

ಪರ: ಬೇಕು

ಕುವೆಂಪು ದೇವಸ್ಥಾನದ ಮನುಷ್ಯರಲ್ಲ. ಅದನ್ನು ಮೊದಲೇ ಒಪ್ಪಿಬಿಡೋಣ. ನೂರು ದೇವರನ್ನು ದೂರ ನೂಕು ಎಂದವರು ಅವರು. ಗುಡಿ, ಚರ್ಚು, ಮಸೀದಿ ಬಿಟ್ಟು ಹೊರಗೆ ಬನ್ನಿ ಎಂದು ಕರೆದವರೂ ಅವರೇ. ಇಷ್ಟು ಓದಿದವರು ಸೀದಾ ತೀರ್ಮಾನಕ್ಕೆ ಬರುತ್ತಾರೆ: ಸರಿ, ಇವರು ನಾಸ್ತಿಕರು, ನಮ್ಮ ಕಡೆಯವರು. ಎಡವುವುದು ಅಲ್ಲೇ. ಹೊರಗೆ ಬನ್ನಿ ಎಂದರು, ನಿಜ. ಬಂದು ಎಲ್ಲಿಗೆ ಹೋಗಬೇಕು? ಅದನ್ನು ಕೇಳುವವರು ಕಡಿಮೆ.

ಅವರು ಎಲ್ಲಿಗೆ ಹೋದರು ಎಂಬುದು ಗುಟ್ಟೇನಲ್ಲ. ಮೈಸೂರಿನಲ್ಲಿ ಓದುವ ಕಾಲದಲ್ಲಿ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರ ಒಡನಾಟ ಸಿಕ್ಕಿತು. ಆಶ್ರಮದಲ್ಲೇ ವರ್ಷಗಟ್ಟಲೆ ಇದ್ದರು. 1929ರಲ್ಲಿ ಬೇಲೂರು ಮಠಕ್ಕೆ ಹೋಗಿ (ಕಲ್ಕತ್ತೆಯ ಹತ್ತಿರದ ಬೇಲೂರು, ನಮ್ಮ ಹಾಸನದ್ದಲ್ಲ) ರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಆಗ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆಮೇಲೆ ರಾಮಕೃಷ್ಣರ ಚರಿತ್ರೆ ಬರೆದರು, ವಿವೇಕಾನಂದರ ಚರಿತ್ರೆ ಬರೆದರು. ಮದುವೆಯಾಗಿದ್ದು 1937ರಲ್ಲಿ. ಅಂದರೆ ಸಂಸಾರಕ್ಕೂ ಮೊದಲು, ದೊಡ್ಡ ಕೃತಿಗಳಿಗೂ ಮೊದಲು ಈ ಮನುಷ್ಯ ಒಬ್ಬ ಗುರುವಿನ ಶಿಷ್ಯ. ಹರೆಯದ ಹುಚ್ಚು ಎಂದು ತಳ್ಳಿಹಾಕಲು ಆಗುವುದಿಲ್ಲ. ಕೊನೆಯವರೆಗೂ ಅವರು ಇದನ್ನು ಬಿಡಲಿಲ್ಲ.

ಈಗ ಕೃತಿಗಳನ್ನೇ ನೋಡೋಣ. 'ಜಲಗಾರ' ನಾಟಕದಲ್ಲಿ ಊರಿಗೆ ಊರೇ ಗುಡಿಯ ಕಡೆ ಹೊರಟಿದೆ. ಬೀದಿ ಗುಡಿಸುವವನು ಮಾತ್ರ ತನ್ನ ಕೆಲಸದಲ್ಲಿದ್ದಾನೆ. ಕೊನೆಗೆ ಶಿವ ಬರುವುದು ಅವನ ಹತ್ತಿರ. ಅದೂ ಹೇಗೆ? ತಾನೂ ಒಬ್ಬ ಜಲಗಾರನಾಗಿ, ಜಗತ್ತಿನ ಕಸ ಗುಡಿಸುವವನಾಗಿ. ಈ ನಾಟಕದಿಂದ ಶಿವನನ್ನು ತೆಗೆದುಬಿಡಿ, ಏನು ಉಳಿಯುತ್ತದೆ? ಶ್ರಮದ ಬಗ್ಗೆ ಒಂದು ಒಳ್ಳೆಯ ಭಾಷಣ. ಅಂಥ ಭಾಷಣ ಯಾರು ಬೇಕಾದರೂ ಮಾಡಬಹುದು.

'ಶೂದ್ರ ತಪಸ್ವಿ'ಯೂ ಹಾಗೆಯೇ. ಹಳೆಯ ಕಥೆಯಲ್ಲಿ ರಾಮ ಶಂಬೂಕನ ತಲೆ ಕಡಿಯುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಬ್ರಹ್ಮಾಸ್ತ್ರ ತಪಸ್ವಿಯನ್ನು ಮುಟ್ಟುವುದಿಲ್ಲ. ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕೊನೆಗೆ ಅವನು ಶಂಬೂಕನಿಗೆ ಕೈಮುಗಿಯಬೇಕಾಗುತ್ತದೆ. ಪುರಾಣದ ಕಥೆಯನ್ನು ಹೀಗೆ ತಿರುಗಿಸಬಹುದೇ ಎಂದು ಮಾಸ್ತಿಯವರಂಥ ಹಿರಿಯರೇ ತಕರಾರು ತೆಗೆದರು. ಆದರೆ ಗಮನಿಸಿ, ಕುವೆಂಪು ಇಲ್ಲಿ ತಪಸ್ಸನ್ನು ಗೇಲಿ ಮಾಡುತ್ತಿಲ್ಲ. ತಪಸ್ಸು ಯಾರಪ್ಪನ ಸ್ವತ್ತೂ ಅಲ್ಲ ಅನ್ನುತ್ತಿದ್ದಾರೆ. ತಪಸ್ಸಿಗೆ ಬೆಲೆಯೇ ಇಲ್ಲ ಎನ್ನುವವನಿಗೆ ಈ ನಾಟಕದಲ್ಲಿ ಜಗಳಕ್ಕೆ ಕಾರಣವೇ ಸಿಗುವುದಿಲ್ಲ.

ವಿಚಾರವಾದಿಗಳು ಎತ್ತಿ ಹಿಡಿಯುವ ಭಾಷಣ ಒಂದಿದೆ. ಪುರೋಹಿತಶಾಹಿಯ ವಿರುದ್ಧ, ಕುರುಡು ನಂಬಿಕೆಯ ವಿರುದ್ಧ ಯುವಕರಿಗೆ ಕೊಟ್ಟ ಕರೆ. ಅದರ ಹೆಸರಿನ ಅರ್ಧ ಭಾಗ ಎಲ್ಲರಿಗೂ ಬಾಯಿಪಾಠ: 'ನಿರಂಕುಶಮತಿಗಳಾಗಿ'. ಪೂರ್ತಿ ಹೆಸರು ಹೇಳಿ ನೋಡೋಣ. 'ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ'. ಬುದ್ಧಿಯ ಅಂಕುಶ ತೆಗೆದುಹಾಕುವುದು ಯಾತಕ್ಕೆ ಅಂತ ಅವರು ಮೊದಲ ಪದದಲ್ಲೇ ಹೇಳಿದ್ದಾರೆ. ನಾವು ಸುಮ್ನೆ ಆ ಪದವನ್ನು ನುಂಗಿಬಿಟ್ಟಿದ್ದೇವೆ. ಮದುವೆಯಿಂದ ಪುರೋಹಿತರನ್ನು ಹೊರಗೆ ಕಳಿಸಿದರು. ಅವರ ಮಗ ತೇಜಸ್ವಿಯವರ ಮದುವೆ 1966ರಲ್ಲಿ ಹಾಗೇ ನಡೆಯಿತು. ಆದರೆ ಆ ಮದುವೆಗೂ ಇಟ್ಟ ಹೆಸರು 'ಮಂತ್ರಮಾಂಗಲ್ಯ'. ಪುರೋಹಿತ ಹೋದ, ಮಂತ್ರ ಉಳಿಯಿತು.

'ಶ್ರೀ ರಾಮಾಯಣ ದರ್ಶನಂ' ಬಗ್ಗೆ ಜಾಸ್ತಿ ಹೇಳುವುದೇ ಬೇಡ, ಹೆಸರಿನಲ್ಲೇ ದರ್ಶನ ಇದೆ. ಒಂದು ಮಾತು ಮಾತ್ರ. ಮಂಥರೆಯನ್ನು ಸಾವಿರಾರು ವರ್ಷ ಬೈದ ನಾಡು ಇದು. ಆ ಮುದುಕಿಗೆ ಪ್ರೀತಿ ಇತ್ತು, ಆ ಪ್ರೀತಿಯೇ ಸುಳಿಯಾಗಿ ಅವಳನ್ನು ಮುಳುಗಿಸಿತು ಎಂದು ಕುವೆಂಪು ಕಂಡರು. ಅಗ್ನಿಪರೀಕ್ಷೆಯಲ್ಲಿ ಸೀತೆ ಒಬ್ಬಳೇ ಬೆಂಕಿಗೆ ಇಳಿಯುವುದಿಲ್ಲ, ರಾಮನೂ ಇಳಿಯುತ್ತಾನೆ. ಪಾಪಿಗೂ ಉದ್ಧಾರವಿದೆ ಎಂದು ನಂಬದವರು ಇದನ್ನು ಹೀಗೆ ಬರೆಯಲು ಸಾಧ್ಯವಿರಲಿಲ್ಲ.

'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಮೊದಲ ಪುಟದಲ್ಲಿ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎನ್ನುತ್ತಾರಲ್ಲ, ಅದು ಎಲ್ಲಿಂದ ಬಂತು? ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಹೆಗ್ಗಡೆಗಳಷ್ಟೇ ಜಾಗ ಕೊಡುವ ಧೈರ್ಯ ಎಲ್ಲಿಂದ ಬಂತು? ಎಲ್ಲದರಲ್ಲೂ ಒಂದೇ ಚೇತನ ಇದೆ ಎಂಬ ನಂಬಿಕೆಯಿಂದ. ಶಿವನನ್ನು ಕಾಣದ ಕವಿ ಕುರುಡ ಎಂದು ಹಾಡಿದವರು ಅವರು. ಕವಿಗೆ ಆ ಕಣ್ಣು ಬೇಕಿದ್ದರೆ, ಓದುವವನಿಗೆ ಬೇಡವೇ?

ವಿರೋಧ: ಬೇಡ

ಇದು ನನ್ನ ವಾದ. ದೊಡ್ಡಪ್ಪನ ಮಾತಿನಲ್ಲಿ ಸುಳ್ಳಿಲ್ಲ. ದೀಕ್ಷೆ ನಿಜ, ಆಶ್ರಮ ನಿಜ, ಆತ್ಮಶ್ರೀ ನಿಜ. ಅದೆಲ್ಲ ಬರೆದವರಿಗೆ ಬೇಕಾಗಿದ್ದದ್ದು. ಅಡಿಗೆ ಮಾಡುವವರಿಗೆ ಸೌದೆ ಬೇಕು, ಉಣ್ಣುವವರಿಗೆ ಯಾಕೆ?

ಮೊದಲು ಹಕ್ಕಿಗಳ ವಿಷಯ. ಕುವೆಂಪು ಅವರ ಒಂದು ಕವಿತೆ ಎಲ್ಲರಿಗೂ ಗೊತ್ತು. ಹಿಂದೆ ಆಕಾಶ, ಬೆಟ್ಟದ ಸಾಲು, ಕಾಡಿನ ನಡುವೆ ತುಂಗೆ. ಹಕ್ಕಿಗಳು ಸಾಲಾಗಿ ಹಾರುತ್ತವೆ. ದೇವರು ರುಜು ಮಾಡಿದನು ಎನ್ನುತ್ತಾರೆ ಕವಿ. ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೋದಾಗ ನಾನೂ ಸಂಜೆ ಹಾಗೆ ಹಕ್ಕಿಸಾಲು ನೋಡಿದ್ದೇನೆ. ಮೈ ಜುಮ್ಮೆಂದಿತು. ರುಜು ಯಾರದು ಎಂಬ ಪ್ರಶ್ನೆ ನನಗೆ ಹುಟ್ಟಲಿಲ್ಲ. ಹಾಗಂತ ಕವಿತೆ ನನ್ನ ಕೈತಪ್ಪಿ ಹೋಯಿತೇ? ಇಲ್ಲ. ರುಜು ಎಂಬ ಪದ ಅಲ್ಲಿ ಎಷ್ಟು ಚಂದ ಕೂತಿದೆ ಅಂದರೆ, ದೇವರನ್ನು ನಂಬದವನಿಗೂ ಆ ಗೆರೆ ಕಾಣುತ್ತದೆ. ಕವಿತೆ ಗೆದ್ದಿದ್ದು ಆ ಗೆರೆಯಿಂದ. ಸಿದ್ಧಾಂತ ಅದರ ಹಿಂದೆ ಎಲ್ಲೋ ಇದೆ.

ಆಮೇಲೆ ಕಾದಂಬರಿಗಳು. ನನ್ನ ನಿಜವಾದ ತಕರಾರು ಇಲ್ಲಿದೆ. 'ಕಾನೂರು ಹೆಗ್ಗಡಿತಿ' ಬಂದಿದ್ದು 1936ರಲ್ಲಿ. ಅದರಲ್ಲಿ ಹೂವಯ್ಯ ಇದ್ದಾನೆ. ಮೈಸೂರಿನಲ್ಲಿ ಓದಿ ಬಂದವನು, ಧ್ಯಾನ, ಆದರ್ಶ, ದೊಡ್ಡ ಮಾತು. ಒಳ್ಳೆಯ ಹುಡುಗ. ಆದರೆ ನಿಜ ಹೇಳಿ, ಆ ಪುಸ್ತಕ ಮುಚ್ಚಿದ ಮೇಲೆ ನಿಮ್ಮ ತಲೆಯಲ್ಲಿ ಓಡಾಡುವುದು ಹೂವಯ್ಯನೋ, ಚಂದ್ರಯ್ಯಗೌಡರೋ? ಸುಬ್ಬಮ್ಮನನ್ನು ಮರೆಯಲು ಆಗುತ್ತದೆಯೇ? ಬೇಲರ ಬೈರನನ್ನು? ಹೂವಯ್ಯ ಅಧ್ಯಾತ್ಮದ ಬಗ್ಗೆ ಯೋಚನೆಗೆ ಕೂತಾಗಲೆಲ್ಲ ನಾನು ಪುಟ ತಿರುಗಿಸಿದ್ದೇನೆ. ಅದನ್ನು ಹೇಳಿಕೊಳ್ಳಲು ನಾಚಿಕೆ ಇಲ್ಲ. ದೊಡ್ಡಪ್ಪನಿಗೆ ಮಾತ್ರ ಇದು ಕೋಪ ಬರಿಸುತ್ತದೆ. 'ಏನು ಓದ್ತೀಯೋ ನೀನು, ತಿರುಳು ಬಿಟ್ಟು ಸಿಪ್ಪೆ ತಿಂತೀಯ' ಅಂತಾರೆ.

ಮೂವತ್ತೊಂದು ವರ್ಷ ಕಳೆಯಿತು. 1967ರಲ್ಲಿ 'ಮದುಮಗಳು' ಬಂತು. ಇದರಲ್ಲಿ ಹೂವಯ್ಯನಂಥವನು ಯಾರೂ ಇಲ್ಲ. ಉಪದೇಶ ಮಾಡುವ ಕೆಲಸಕ್ಕೆ ಯಾರನ್ನೂ ನೇಮಿಸಿಲ್ಲ. ಧರ್ಮ ಇದೆ, ಬೇಕಾದಷ್ಟಿದೆ. ಆದರೆ ಮಲೆನಾಡಿನ ಮನೆಯಲ್ಲಿ ಇರುವ ಹಾಗೆ ಇದೆ. ದೆವ್ವ ಇದೆ, ಭೂತ ಇದೆ, ಹರಕೆ ಇದೆ, ಹೆದರಿಕೆ ಇದೆ. ಬೆಟ್ಟಳ್ಳಿ ದೇವಯ್ಯನನ್ನು ಕ್ರೈಸ್ತನನ್ನಾಗಿ ಮಾಡಲು ಓಡಾಡುವ ಪಾದ್ರಿ ಜೀವರತ್ನಯ್ಯ ಇದ್ದಾನೆ. ಅವನ ಧರ್ಮಕ್ಕಿಂತ ಅವನ ಬೈಸಿಕಲ್ಲು ಊರಿಗೆ ದೊಡ್ಡ ಅಚ್ಚರಿ. ಜನರ ಬಾಯಲ್ಲಿ ಅದು 'ಬೀಸೆಕಲ್ಲು' ಆಗುತ್ತದೆ. ಆ ಒಂದು ಪದದಲ್ಲಿ ನನಗೆ ಸಿಕ್ಕ ಖುಷಿ ಇಡೀ ರಾಮಾಯಣ ದರ್ಶನದಲ್ಲಿ ಸಿಕ್ಕಿಲ್ಲ. ಲೇಖಕರ ವೇದಾಂತ ಇಲ್ಲೂ ಅಲ್ಲಲ್ಲಿ ಇಣುಕುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕಥೆ ಅದರ ಮೇಲೆ ನಿಂತಿಲ್ಲ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇದನ್ನು ರಾತ್ರಿಯಿಡೀ ಆಡಿದರು, ಸುಮಾರು ಒಂಬತ್ತು ಗಂಟೆಯ ನಾಟಕ. ಜನ ಬೆಳಗಿನ ಜಾವದವರೆಗೆ ಕೂತು ನೋಡಿದ್ದು ಅದ್ವೈತಕ್ಕಾಗಿ ಅಂತ ನನಗೆ ಅನ್ನಿಸುವುದಿಲ್ಲ. ಗುತ್ತಿಗಾಗಿ, ಚಿನ್ನಮ್ಮನಿಗಾಗಿ, ಐತ-ಪೀಂಚಲುಗಾಗಿ.

ಹಾಗಾದರೆ ಯಾರೂ ಅಮುಖ್ಯರಲ್ಲ ಎಂಬ ಮಾತು? ಅದಕ್ಕೆ ವೇದಾಂತವೇ ಬೇಕೇ? ನಮ್ಮ ಅಜ್ಜಿಗೆ ವೇದಾಂತದ ಗಂಧ ಇರಲಿಲ್ಲ. ಕೊಟ್ಟಿಗೆಯ ಹಸುವಿಗೆ ಜ್ವರ ಬಂದರೆ ಊಟ ಬಿಡುತ್ತಿದ್ದರು. ಎಲ್ಲದರಲ್ಲೂ ಒಂದೇ ಬ್ರಹ್ಮ ಎಂದು ದಿನಾ ಪಾಠ ಹೇಳಿದ ಎಷ್ಟೋ ಮನೆಗಳಲ್ಲಿ ಗುತ್ತಿಯಂಥವರು ಅಂಗಳ ದಾಟುವಂತಿರಲಿಲ್ಲ. ಆ ಸಿದ್ಧಾಂತವೊಂದೇ ಸಾಕಾಗಿದ್ದರೆ ಮಲೆನಾಡಿನ ಕಥೆ ಬೇರೆ ಇರಬೇಕಿತ್ತು, ಅಲ್ವಾ? ಕುವೆಂಪು ಹಾಗೆ ಬರೆದದ್ದು ಆ ಅಂಗಳವನ್ನು ಚಿಕ್ಕಂದಿನಿಂದ ಕಣ್ಣಾರೆ ನೋಡಿದ್ದರಿಂದ.

ರಾಮಾಯಣ ದರ್ಶನದ ಬಗ್ಗೆ ನನಗಿರುವ ತೊಂದರೆ ಭಾಷೆಯದ್ದಷ್ಟೇ ಅಲ್ಲ. ಅಲ್ಲಿ ಎಲ್ಲರೂ ಉದ್ಧಾರವಾಗುತ್ತಾರೆ. ಮಂಥರೆ ಸರಿ, ಆ ಭಾಗಕ್ಕೆ ನಾನೂ ಸೋತಿದ್ದೇನೆ. ರಾವಣನೂ ಕನಸಿನಲ್ಲಿ ಮಗುವಾಗಿ ಸೀತೆಯ ಮಡಿಲು ಸೇರುತ್ತಾನೆ. ಓದಲು ಹಿತ. ಆದರೆ ಹೊತ್ತುಕೊಂಡು ಹೋದ ಹೆಣ್ಣಿನ ಮಡಿಲಿನಲ್ಲೇ ಅವನಿಗೆ ಬಿಡುಗಡೆ ಸಿಕ್ಕಿಬಿಟ್ಟರೆ, ಅವಳು ತಿಂಗಳುಗಟ್ಟಲೆ ತಿಂದ ನೋವಿನ ಲೆಕ್ಕ ಯಾರು ಕೊಡುತ್ತಾರೆ? ಶಂಬೂಕನದೂ ಅದೇ. ಹಳೆಯ ಕಥೆಯಲ್ಲಿ ಅವನ ತಲೆ ಉರುಳುತ್ತದೆ, ಆ ರಕ್ತ ಇವತ್ತಿಗೂ ಕಾಣುತ್ತದೆ. ನಾಟಕದಲ್ಲಿ ಬ್ರಾಹ್ಮಣ ಕೈಮುಗಿದ, ಎಲ್ಲ ಸುಖವಾಯಿತು. ಅಧ್ಯಾತ್ಮ ಕೆಲವು ಸಲ ಗಾಯವನ್ನು ಬೇಗ ಮುಚ್ಚಿಬಿಡುತ್ತದೆ.

ಇನ್ನೊಂದು ಮಾತು. ರಸಋಷಿ, ರಸಋಷಿ ಎಂದು ಕರೆದು ಕರೆದು ಅವರನ್ನು ಗೋಡೆಯ ಮೇಲಿನ ಫೋಟೋ ಮಾಡಿದ್ದೇವೆ. ಡಿಸೆಂಬರ್ 29 ಬಂತೆಂದರೆ ವಿಶ್ವಮಾನವ ದಿನ, ಹಾರ, ದೀಪ, ನಾಡಗೀತೆ. ಋಷಿಗೆ ಕೈಮುಗಿದರೆ ಸಾಕು, ಓದಬೇಕಾಗಿಲ್ಲ. ವಿಶ್ವಮಾನವ ಸಂದೇಶದಲ್ಲಿ ಅವರು ಕೇಳಿದ್ದು ಬೇರೆ. ಮತ ಗುಂಪು ಕಟ್ಟುವ ವಿಷಯ ಆಗಬಾರದು, ಯಾವ ಒಂದು ಗ್ರಂಥವೂ ಎಲ್ಲರಿಗೂ ಪರಮಪೂಜ್ಯ ಆಗಬಾರದು, ಪ್ರತಿಯೊಬ್ಬನೂ ಓದಿ ತಿಳಿದು ತನ್ನ ದರ್ಶನವನ್ನು ತಾನೇ ಕಟ್ಟಿಕೊಳ್ಳಬೇಕು ಎಂದರು. ಸರಿ, ನಾನು ಕಟ್ಟಿಕೊಂಡದ್ದರಲ್ಲಿ ಅವರ ಶಿವ ಇಲ್ಲ. ಅವರೇ ಕೊಟ್ಟ ರಜೆ ಇದು.

ಮನೆಯೊಳಗಿನ ಸಾಕ್ಷಿಯೂ ಇದೆ. ತೇಜಸ್ವಿ ಅಪ್ಪನಿಂದ ಕಾಡನ್ನು ತೆಗೆದುಕೊಂಡರು, ದೇವರನ್ನು ಅಲ್ಲೇ ಬಿಟ್ಟರು. 'ಕರ್ವಾಲೊ' ಕೊನೆಯಲ್ಲಿ ಹಾರುವ ಓತಿ ಗಾಳಿಗೆ ಮೈಬಿಟ್ಟು ತೇಲಿ ಹೋಗುತ್ತದೆ. ಬೆರಗು ಪೂರ್ತಿ ಇದೆ. ಯಾರ ರುಜುವೂ ಇಲ್ಲ. 'ಆ ಬೆರಗು ಮಗನಿಗೆ ಬಂದದ್ದು ಯಾರಿಂದಪ್ಪಾ?' ಅಂತ ದೊಡ್ಡಪ್ಪ ಕೇಳುತ್ತಾರೆ. ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಆದರೆ ಹುಲಿಯನ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಇಡೀ ಕಾದಂಬರಿಯಲ್ಲಿ ಆ ನಾಯಿ ಗುತ್ತಿಯ ಹಿಂದೆ ಕಾಡುಮೇಡು ಸುತ್ತಿದೆ. ಕೊನೆಯಲ್ಲಿ ಉಕ್ಕಿದ ತುಂಗೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ದೇವರು ಬರುವುದಿಲ್ಲ. ಜಲಗಾರನ ಹತ್ತಿರ ಬಂದ ಶಿವ ಇಲ್ಲಿಗೆ ಬರುವುದಿಲ್ಲ. ರಾವಣನಿಗೂ ಉದ್ಧಾರ ಕೊಟ್ಟ ಲೇಖಕರು ಒಂದು ನಾಯಿಯನ್ನು ದಡ ಸೇರಿಸಲಿಲ್ಲ. ಆ ಪುಟ ನನ್ನನ್ನು ಕಲಕುವಷ್ಟು ಅವರ ಇನ್ನಾವ ಪುಟವೂ ಕಲಕಿಲ್ಲ.

ದೊಡ್ಡಪ್ಪ ಆ ಪುಸ್ತಕವನ್ನು ಐದಾರು ಸಲ ಓದಿದ್ದಾರೆ. ಆ ಜಾಗಕ್ಕೆ ಬಂದಾಗಲೆಲ್ಲ ಕನ್ನಡಕ ತೆಗೆದಿಟ್ಟು, ಸ್ವಲ್ಪ ಹೊತ್ತು ಹಿತ್ತಲಿಗೆ ಹೋಗಿ ನಿಲ್ಲುತ್ತಾರಂತೆ. ದೊಡ್ಡಮ್ಮ ಹೇಳಿದ್ದು. ಅಲ್ಲಿ ಅವರಿಗೆ ದೇವರು ನೆನಪಾಗುತ್ತಾನೋ ಇಲ್ಲವೋ, ನಾನು ಕೇಳಿಲ್ಲ.