ನರಸಾಪುರದಲ್ಲಿ ಜೋಡಣೆಯಾದ ಫೋನನ್ನು ಕೋಲಾರದಲ್ಲಿ ರಿಪೇರಿ ಮಾಡಿಸುವ ಹಕ್ಕು

ಹೊಸ ಫೋನಿನ ಪೆಟ್ಟಿಗೆಯ ಮೇಲೆ ಬೆಲೆ, ಬ್ಯಾಟರಿ, ಕ್ಯಾಮೆರಾಗಳ ವಿವರದ ಜೊತೆಗೆ, ಅದು ಕೆಟ್ಟಾಗ ಎಷ್ಟು ಸುಲಭವಾಗಿ ರಿಪೇರಿ ಮಾಡಿಸಬಹುದು ಎಂಬುದನ್ನು ತಿಳಿಸುವ ಅಂಕವೂ ಇರಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ್ದ ಸಮಿತಿಯೊಂದು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಬಿಡಿಭಾಗ ಸಿಗುತ್ತದೆಯೇ, ಸಿಕ್ಕರೆ ಎಷ್ಟು ದಿನದಲ್ಲಿ, ಬಿಚ್ಚಲು ಎಂಥ ಉಪಕರಣ ಬೇಕು, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ಕಾಲ ಬರುತ್ತದೆ ಎಂಬುದನ್ನೆಲ್ಲ ಅಳೆದು ಈ ಅಂಕ ಕೊಡಬೇಕು. ಲೆಕ್ಕ ಹಾಕಿ ಘೋಷಿಸಬೇಕಾದವರು ತಯಾರಕರೇ. ಈ ವರದಿಯನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅಂಕವೊಂದೇ ಸಾಲದು, ರಿಪೇರಿಗೆ ಬೇಕಾದ ಭಾಗ ಮತ್ತು ಮಾಹಿತಿಯನ್ನು ಊರಿನ ಮೆಕ್ಯಾನಿಕ್‌ಗೂ ಕೊಡಲೇಬೇಕೆಂದು ಕಂಪನಿಗಳನ್ನು ಕಟ್ಟಿಹಾಕುವ ಕಾಯ್ದೆ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾತನ್ನು ಹೇಳಲು ಕೋಲಾರ ಜಿಲ್ಲೆಯವರಿಗೆ ಬೇರೆಯವರಿಗಿಂತ ಹೆಚ್ಚಿನ ಕಾರಣವಿದೆ.

ಕೋಲಾರದಿಂದ ಬೆಂಗಳೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೊರಟರೆ ಸಿಗುವ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಣೆಯಾಗುತ್ತದೆ. ತೈವಾನಿನ ವಿಸ್ಟ್ರಾನ್ ಕಂಪನಿ ಆರಂಭಿಸಿದ ಆ ಕಾರ್ಖಾನೆ 2020ರ ಡಿಸೆಂಬರ್ 12ರಂದು ಸಂಬಳದ ವಿಚಾರಕ್ಕೆ ನಡೆದ ದಾಂಧಲೆಯಿಂದ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂತು. 2023ರಲ್ಲಿ ಅದು ಟಾಟಾ ಎಲೆಕ್ಟ್ರಾನಿಕ್ಸ್ ಕೈಸೇರಿತು. ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರದ ಕಡೆಯ ಹಳ್ಳಿಗಳ ಹುಡುಗ ಹುಡುಗಿಯರು ಕಂಪನಿ ಬಸ್ ಹತ್ತಿ ಪಾಳಿಗೆ ಹೋಗಿ, ಜಗತ್ತಿನ ಅತ್ಯಂತ ಸೂಕ್ಷ್ಮವಾದ ಗ್ರಾಹಕ ವಸ್ತುಗಳಲ್ಲಿ ಒಂದನ್ನು ತಮ್ಮ ಕೈಯಿಂದ ಜೋಡಿಸಿ ಕಳಿಸುತ್ತಾರೆ. ಕೆಲಸ ಬಲ್ಲ ಕೈಗಳು ನಮ್ಮ ಜಿಲ್ಲೆಯಲ್ಲಿ ಇಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಅದೇ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆಯೂ ಇದೆ. 2013ರಿಂದ ಅಲ್ಲಿ ವಾಹನಗಳು ತಯಾರಾಗುತ್ತಿವೆ. ಅಲ್ಲಿಂದ ಹೊರಬಂದ ಸ್ಕೂಟರಿನ ಬ್ರೇಕ್ ಶೂ ಸವೆದರೆ, ಬೆಲ್ಟ್ ಹರಿದರೆ, ಅದರ ಒಡೆಯ ಶೋರೂಮಿಗೂ ಹೋಗಬಹುದು, ಮನೆಯ ಪಕ್ಕದ ಮೆಕ್ಯಾನಿಕ್ ಬಳಿಗೂ ಹೋಗಬಹುದು. ಮೆಕ್ಯಾನಿಕ್ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಕಂಪನಿಯ ಒರಿಜಿನಲ್ ಭಾಗವನ್ನೇ ತರಿಸಿ ಹಾಕುತ್ತಾನೆ. ಹಾಕಿದವನು ಯಾರೆಂದು ಸ್ಕೂಟರ್ ಕೇಳುವುದಿಲ್ಲ. ಅದೇ ಕೈಗಾರಿಕಾ ಪ್ರದೇಶದಲ್ಲಿ ಜೋಡಣೆಯಾದ ಫೋನು ಮಾತ್ರ ಕೇಳುತ್ತದೆ.

ಅದು ಹೇಗೆ ಕೇಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕಾನೂನಿನ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಇಂದಿನ ದುಬಾರಿ ಫೋನುಗಳ ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾಗಳಲ್ಲಿ ಸಣ್ಣ ಚಿಪ್ ಒಂದಿದ್ದು, ಅದರಲ್ಲಿ ಆ ಭಾಗದ ಕ್ರಮಸಂಖ್ಯೆ ಇರುತ್ತದೆ. ಕಾರ್ಖಾನೆಯಲ್ಲಿ ಜೋಡಿಸುವಾಗ ಆ ಸಂಖ್ಯೆಯನ್ನು ಫೋನಿನ ಮುಖ್ಯ ಬೋರ್ಡಿಗೆ ಪರಿಚಯ ಮಾಡಿಸಿರುತ್ತಾರೆ. ಆಮೇಲೆ ಯಾರಾದರೂ ಭಾಗವನ್ನು ಬದಲಿಸಿದರೆ, ಅದು ಇನ್ನೊಂದು ಅಸಲಿ ಫೋನಿನಿಂದ ತೆಗೆದ ಅಸಲಿ ಭಾಗವೇ ಆಗಿದ್ದರೂ ಸಂಖ್ಯೆ ಹೊಂದುವುದಿಲ್ಲ. ಆಗ ಅನೇಕ ಮಾದರಿಗಳಲ್ಲಿ ಪರದೆಯ ಮೇಲೆ 'ಅಪರಿಚಿತ ಭಾಗ' ಎಂಬ ಸೂಚನೆ ಬರುತ್ತದೆ, ಬ್ಯಾಟರಿಯ ಆರೋಗ್ಯದ ಮಾಹಿತಿ ಮರೆಯಾಗಬಹುದು, ಪರದೆಯ ಬಣ್ಣ ಹೊಂದಿಸುವ ಸೌಲಭ್ಯ ನಿಲ್ಲಬಹುದು. 2021ರಲ್ಲಿ ಐಫೋನ್ 13 ಬಂದಾಗ ಹೊರಗಡೆ ಡಿಸ್‌ಪ್ಲೇ ಬದಲಿಸಿದರೆ ಮುಖ ಗುರುತಿಸುವ ವ್ಯವಸ್ಥೆಯೇ ಕೆಲಸ ನಿಲ್ಲಿಸುತ್ತಿತ್ತು. ಜಗತ್ತಿನಾದ್ಯಂತ ರಿಪೇರಿಯವರು ಗಲಾಟೆ ಮಾಡಿದ ಮೇಲೆ ಆಪಲ್ ಒಂದು ಅಪ್‌ಡೇಟ್ ಮೂಲಕ ಅದನ್ನು ಸರಿಪಡಿಸಿತು. ಒಂದು ಅಪ್‌ಡೇಟಿನಿಂದ ಸರಿಹೋದ ತೊಂದರೆಯ ಮೂಲ ಗಾಜಿನಲ್ಲೋ ತಂತಿಯಲ್ಲೋ ಇರಲಿಲ್ಲ, ಸಾಫ್ಟ್‌ವೇರಿನಲ್ಲಿತ್ತು ಎಂಬುದನ್ನು ಗಮನಿಸಬೇಕು.

ಕೋಲಾರದ ದೊಡ್ಡಪೇಟೆಯಲ್ಲಿ ನಾನು ಹೋಗುವ ರಿಪೇರಿ ಅಂಗಡಿಯ ಹುಡುಗ ಈ ಬೀಗವನ್ನು ದಾಟುವ ಬಗೆಯನ್ನು ಕಲಿತುಕೊಂಡಿದ್ದಾನೆ. ಒಡೆದ ಡಿಸ್‌ಪ್ಲೇಯಿಂದ ಕ್ರಮಸಂಖ್ಯೆ ಇರುವ ಆ ಚಿಕ್ಕ ಐಸಿಯನ್ನು, ಅಂದರೆ ಚಿಪ್ಪನ್ನು, ಹಾಟ್ ಏರ್ ಗನ್ನಿನ ಬಿಸಿಗೆ ಬಿಡಿಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು ಹೊಸ ಡಿಸ್‌ಪ್ಲೇಗೆ ಕೂರಿಸುತ್ತಾನೆ. ಆ ಕೆಲಸ ನೋಡುತ್ತಾ ಕುಳಿತರೆ ಅವನ ತಾಳ್ಮೆಗೆ ಗೌರವ ಮೂಡುತ್ತದೆ. ಆದರೆ ಭಾಗ ಬದಲಿಸುವಷ್ಟು ಸರಳವಾದ ಕೆಲಸಕ್ಕೆ ಈ ಸಾಹಸವನ್ನು ಯಾಕೆ ಮಾಡಬೇಕು? "ಸಾರ್, ಡಿಸ್‌ಪ್ಲೇ ನಾನು ಚೆನ್ನಾಗೇ ಹಾಕ್ಕೊಡ್ತೀನಿ, ಮೆಸೇಜ್ ಬರೋದನ್ನ ಮಾತ್ರ ನಾನು ನಿಲ್ಲಿಸೋಕಾಗಲ್ಲ. ಅದನ್ನ ನೋಡಿ ಗಿರಾಕಿ ನಾನೇ ಡೂಪ್ಲಿಕೇಟ್ ಹಾಕಿದೆ ಅಂದ್ಕೋತಾನೆ" ಎಂದು ಅವನು ಹೇಳಿದ ಮಾತಿನಲ್ಲಿ ವ್ಯಾಪಾರದ ನಷ್ಟಕ್ಕಿಂತ ಮರ್ಯಾದೆಯ ನೋವು ಹೆಚ್ಚಾಗಿತ್ತು. ಅವನಿಗೆ ಬೇಕಾದ ಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರುತ್ತವೆ. ಅವುಗಳಲ್ಲಿ ಒರಿಜಿನಲ್ ಯಾವುದು, ಕಾಪಿ ಯಾವುದು ಎಂಬುದನ್ನು ಅವನು ಅನುಭವದಿಂದಲೇ ಊಹಿಸಬೇಕು, ಏಕೆಂದರೆ ಕಂಪನಿ ಅವನಿಗೆ ನೇರವಾಗಿ ಭಾಗ ಮಾರುವುದಿಲ್ಲ. ಅಸಲಿ ಭಾಗವನ್ನು ಕೊಡದೆ, ನಕಲಿ ಹಾಕಿದ ಎಂಬ ಹಣೆಪಟ್ಟಿಯನ್ನೂ ಅವನಿಗೇ ಕಟ್ಟುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಐಫೋನ್ ಎಂದರೆ ಹಣವಂತರ ವಸ್ತು, ಅದರ ಚಿಂತೆ ನಮಗೇಕೆ ಎಂದು ಕೆಲವರು ಕೇಳಬಹುದು. ಕಡಿಮೆ ಬೆಲೆಯ ಫೋನುಗಳ ಪಾಡು ಬೇರೆ ರೀತಿಯಲ್ಲಿ ಇನ್ನೂ ಕಷ್ಟದ್ದು. ಅಲ್ಲಿ ಬೀಗವಿಲ್ಲದಿದ್ದರೂ ಭಾಗವೇ ಸಿಗುವುದಿಲ್ಲ, ಅಂಟು ಹಾಕಿ ಕೂರಿಸಿದ ಬ್ಯಾಟರಿಯನ್ನು ಎಬ್ಬಿಸುವಾಗ ಡಿಸ್‌ಪ್ಲೇ ಒಡೆಯುತ್ತದೆ, ಮಾರುಕಟ್ಟೆಗೆ ಬಂದ ಮಾದರಿ ಬೇಗನೆ ಕಣ್ಮರೆಯಾಗುತ್ತದೆ. ಮುಳಬಾಗಿಲು ತಾಲ್ಲೂಕಿನಲ್ಲಿ ಟೊಮೆಟೊ ಬೆಳೆಯುವ ನಮ್ಮ ಚಿಕ್ಕಮ್ಮನ ಫೋನ್ ವಾರಂಟಿ ಇರುವಾಗಲೇ ಚಾರ್ಜ್ ಆಗುವುದನ್ನು ನಿಲ್ಲಿಸಿತು. ಆ ಕಂಪನಿಯ ಸೇವಾ ಕೇಂದ್ರದಲ್ಲಿ ಒಳಗಿನ ಸ್ಟಿಕ್ಕರ್ ಬಣ್ಣ ತಿರುಗಿದೆ, ನೀರು ಬಿದ್ದಿದೆ, ವಾರಂಟಿ ಅನ್ವಯಿಸುವುದಿಲ್ಲ ಎಂದು ಬಾಯಲ್ಲೇ ಹೇಳಿ, ಹೊಸ ಫೋನಿನ ಬೆಲೆಯ ಅರ್ಧದಷ್ಟು ಖರ್ಚನ್ನು ಮುಂದಿಟ್ಟರು. ತೋಟದಲ್ಲಿ ಬೆವರು, ಮಂಜು, ಡ್ರಿಪ್ ಪೈಪಿನ ನೀರು ಇವುಗಳ ನಡುವೆ ಬದುಕುವ ಹೆಂಗಸಿನ ಫೋನಿಗೆ ತೇವ ತಗಲದೇ ಇರುತ್ತದೆಯೇ? ಫೋನ್ ಇಲ್ಲದಿದ್ದರೆ ಅವರಿಗೆ ಕೋಲಾರದ ಎಪಿಎಂಸಿ ಮಂಡಿಯಲ್ಲಿ ಬಾಕ್ಸಿನ ದರ ತಿಳಿಯುವುದಿಲ್ಲ, ಬ್ಯಾಂಕಿನ ಓಟಿಪಿ ಬರುವುದಿಲ್ಲ, ಮಂಡಿಯವರು ಹಾಕಿದ ಹಣ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. ಕೊನೆಗೆ ಅದನ್ನು ಸರಿಮಾಡಿಕೊಟ್ಟದ್ದು ಊರಿನ ಬಸ್ ನಿಲ್ದಾಣದ ಪಕ್ಕದ ಪುಟ್ಟ ಅಂಗಡಿ. ಕೆಟ್ಟಿದ್ದುದು ಚಾರ್ಜಿಂಗ್ ಪಿನ್ ಮಾತ್ರ.

ಬಿಡಿಭಾಗಗಳನ್ನು ಬಚ್ಚಿಡುವುದು ಕಾನೂನಿಗೆ ಒಪ್ಪಿತವೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಂದು ಬಲವಾದ ಉತ್ತರ ಈಗಾಗಲೇ ಇದೆ. ಕಾರು ಕಂಪನಿಗಳು ಸ್ವತಂತ್ರ ಗ್ಯಾರೇಜುಗಳಿಗೆ ಅಸಲಿ ಬಿಡಿಭಾಗ, ದೋಷ ಪತ್ತೆ ಮಾಡುವ ಉಪಕರಣ ಮತ್ತು ಕೈಪಿಡಿಗಳನ್ನು ಕೊಡುತ್ತಿಲ್ಲ ಎಂಬ ದೂರನ್ನು ವಿಚಾರಿಸಿದ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿ, ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗುವಂತೆ ಮಾಡಲು ಆದೇಶಿಸಿತು. ಸುರಕ್ಷತೆಯ ನೆಪವನ್ನೂ ಬೌದ್ಧಿಕ ಆಸ್ತಿಯ ನೆಪವನ್ನೂ ಕಂಪನಿಗಳು ಅಂದೇ ಮುಂದಿಟ್ಟಿದ್ದವು, ಆಯೋಗ ಅದನ್ನು ಒಪ್ಪಲಿಲ್ಲ. ದಂಡದ ಮೊತ್ತದ ವಿಚಾರ ಮೇಲ್ಮನವಿಗಳಿಗೆ ಹೋಯಿತು, ಆ ಮಾತು ಬೇರೆ. ಕಾರು ಕೊಂಡವನು ಮುಂದೆ ಎಲ್ಲಿ ರಿಪೇರಿ ಮಾಡಿಸಬೇಕು ಎಂಬುದನ್ನು ಮಾರಿದವನು ನಿರ್ಧರಿಸುವಂತಿಲ್ಲ ಎಂಬ ತತ್ವ ಆ ಆದೇಶದಲ್ಲಿ ಸ್ಪಷ್ಟವಾಗಿದೆ. ಅದನ್ನು ಫೋನಿಗೂ ವಿಸ್ತರಿಸಲು ನಾವು ಇಷ್ಟು ವರ್ಷ ಕಾದದ್ದು ಏಕೆ ಎಂಬುದೇ ನನ್ನ ಕೊರಗು.

ಫೋನ್ ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬೆರಳಚ್ಚು ಮತ್ತು ಮುಖ ಗುರುತಿಸುವ ಸೆನ್ಸರುಗಳ ಹಿಂದೆ ನಮ್ಮ ಬ್ಯಾಂಕ್ ಖಾತೆಯೇ ಇದೆ, ಯಾರು ಬೇಕಾದರೂ ಅವನ್ನು ಬದಲಿಸುವಂತಿದ್ದರೆ ಅಪಾಯವಿದೆ. ಕದ್ದ ಫೋನುಗಳನ್ನು ಬಿಚ್ಚಿ ಭಾಗಗಳನ್ನು ಮಾರುವ ದಂಧೆಯೂ ಇದೆ. ಕಳಪೆ ಲಿಥಿಯಂ ಬ್ಯಾಟರಿ ಊದಿಕೊಂಡು ಬೆಂಕಿ ಹತ್ತುವುದೂ ನಿಜ. ಈ ಮೂರೂ ಚಿಂತೆಗಳಿಗೆ ನನ್ನ ಉತ್ತರ ಒಂದೇ: ಅಸಲಿ ಭಾಗವನ್ನು ನ್ಯಾಯವಾದ ಬೆಲೆಗೆ ಎಲ್ಲರಿಗೂ ಮಾರಿ, ಮತ್ತು ಫೋನಿನ ಒಡೆಯ ತನ್ನ ಪಾಸ್‌ವರ್ಡ್ ಹಾಕಿ ಒಪ್ಪಿದಾಗ ಹೊಸ ಭಾಗವನ್ನು ಒಪ್ಪಿಕೊಳ್ಳುವ ಸಾಫ್ಟ್‌ವೇರನ್ನು ಕೊಡಿ. ಕಂಪನಿಗೆ ಇದು ಅಸಾಧ್ಯವಾದ ಕೆಲಸವಲ್ಲ. ಅಮೆರಿಕದ ಆರೆಗನ್ ರಾಜ್ಯ 2024ರಲ್ಲಿ, ಭಾಗಗಳನ್ನು ಸಾಫ್ಟ್‌ವೇರ್ ಬೀಗದಿಂದ ಬಂಧಿಸುವುದನ್ನು ನಿಷೇಧಿಸುವ ಕಾಯ್ದೆ ತಂದಿತು. ಸುರಕ್ಷತೆಯ ಕಾರಣ ಕೊಟ್ಟು ಆ ನಿಷೇಧವನ್ನು ವಿರೋಧಿಸಿದ್ದ ಆಪಲ್, ರಾಜ್ಯಪಾಲರ ಸಹಿ ಬಿದ್ದ ತಿಂಗಳೊಳಗೇ, ಬಳಸಿದ ಅಸಲಿ ಭಾಗಗಳನ್ನು ಹೊಸ ಮಾದರಿಗಳಲ್ಲಿ ಒಪ್ಪಿಕೊಳ್ಳುವುದಾಗಿ ಪ್ರಕಟಿಸಿತು. ಕಾನೂನಿನ ಒತ್ತಡ ಇರುವ ಕಡೆ ಕಂಪನಿಗಳಿಗೆ ದಾರಿ ಕಾಣುತ್ತದೆ ಎಂದೇ ನಾನು ಇದನ್ನು ಓದುತ್ತೇನೆ.

ಯುರೋಪಿನ ಒಕ್ಕೂಟದ ನಿಯಮ ಇನ್ನೂ ನೇರವಾಗಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬಿಡುವ ಸ್ಮಾರ್ಟ್‌ಫೋನುಗಳ ಮುಖ್ಯ ಬಿಡಿಭಾಗಗಳು, ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಸಿಗಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಕನಿಷ್ಠ 5 ವರ್ಷ ಬರಬೇಕು. ಬ್ಯಾಟರಿ 800 ಸಲ ಚಾರ್ಜ್ ಮಾಡಿದ ನಂತರವೂ ಶೇಕಡಾ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ನಮ್ಮ ಸಮಿತಿ ಸೂಚಿಸಿದಂಥ ಅಂಕ ಪದ್ಧತಿಯನ್ನು ಫ್ರಾನ್ಸ್ 2021ರ ಜನವರಿ 1ರಿಂದಲೇ ಜಾರಿಗೆ ತಂದಿತ್ತು, ಅದರ ಮೇಲೆ ಯುರೋಪ್ ಈ ಕಡ್ಡಾಯ ನಿಯಮಗಳನ್ನೂ ಕಟ್ಟಿತು. ನಮ್ಮಲ್ಲಿ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ರಿಪೇರಿ ಹಕ್ಕಿನ ಪೋರ್ಟಲ್ ಉದ್ಘಾಟನೆಯಾಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ಕ್ಷೇತ್ರಗಳ ಮಾಹಿತಿಯನ್ನು ಅಲ್ಲಿ ಒಂದೆಡೆ ತರುವುದು ಉದ್ದೇಶ. ಸೇವಾ ಕೇಂದ್ರದ ಸಂಪರ್ಕ, ವಾರಂಟಿಯ ಷರತ್ತು ಹುಡುಕುವವರಿಗೆ ಅದು ಉಪಯುಕ್ತ. ಆದರೆ ದೊಡ್ಡಪೇಟೆಯ ಹುಡುಗನಿಗೆ ಬೇಕಾದ ಬೋರ್ಡಿನ ನಕ್ಷೆಯನ್ನೋ ಡಿಸ್‌ಪ್ಲೇಯನ್ನೋ ಕೊಡಲೇಬೇಕೆಂದು ಕಂಪನಿಗೆ ಹೇಳುವ ಅಧಿಕಾರ ಒಂದು ಪೋರ್ಟಲಿಗೆ ಎಲ್ಲಿಂದ ಬರಬೇಕು?

ಅಂಕದ ಬಗ್ಗೆ ನನ್ನ ತಕರಾರೂ ಇದೇ. ಕಡಿಮೆ ಅಂಕದ ಫೋನನ್ನು ಮಾರಬಾರದು ಎಂದು ಅದು ಹೇಳುವುದಿಲ್ಲ, ಕೊಳ್ಳುವವನಿಗೆ ಎಚ್ಚರಿಕೆ ಕೊಡುತ್ತದೆ ಅಷ್ಟೆ. ಹಬ್ಬದ ರಿಯಾಯಿತಿಯಲ್ಲಿ, ಕಂತಿನ ಸಾಲದಲ್ಲಿ ಫೋನ್ ಕೊಳ್ಳುವ ಕುಟುಂಬ ಮೊದಲು ನೋಡುವುದು ತಿಂಗಳ ಕಂತನ್ನು, ಪೆಟ್ಟಿಗೆಯ ಮೇಲೆ ಅಂಕ ತೋರಿಸುವ ಕ್ಯೂಆರ್ ಕೋಡನ್ನು ಅಲ್ಲ. ಮೇಲಾಗಿ ತಯಾರಕರೇ ತಮಗೆ ಅಂಕ ಕೊಟ್ಟುಕೊಳ್ಳುವಾಗ, ಆ ಲೆಕ್ಕವನ್ನು ಹೊರಗಿನವರು ಪರೀಕ್ಷಿಸುವ ಮತ್ತು ತಪ್ಪು ಘೋಷಣೆಗೆ ದಂಡ ಹಾಕುವ ವ್ಯವಸ್ಥೆ ಗಟ್ಟಿಯಾಗಿರಬೇಕು. ಅಧಿಕೃತ ಕೇಂದ್ರದಲ್ಲಿ ಮಾತ್ರ ಸಿಗುವ ಭಾಗವನ್ನು 'ಸಿಗುತ್ತದೆ' ಎಂದು ಲೆಕ್ಕಕ್ಕೆ ಹಿಡಿಯಬಾರದು. ಮುಳಬಾಗಿಲಿನವರಿಗೆ ಬೆಂಗಳೂರಿನಲ್ಲಿ ಸಿಗುವ ಭಾಗ, ಒಂದು ದಿನದ ಕೂಲಿ ಮತ್ತು ಬಸ್ ಖರ್ಚು ಸೇರಿಸಿದ ಮೇಲೆ ಸಿಗುವ ಭಾಗ.

ಹೊಸ ಕಾಯ್ದೆ ಬರುವ ತನಕ ನಮ್ಮ ಕೈಯಲ್ಲಿ ಏನೂ ಇಲ್ಲವೆಂದು ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಫೋನ್ ಎಲ್ಲಿಯೇ ಕೊಂಡಿರಲಿ, ಆನ್‌ಲೈನಿನಲ್ಲೇ ಕೊಂಡಿರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ಕೋಲಾರ ಜಿಲ್ಲೆಯವರು ಕೋಲಾರದಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಎಷ್ಟೋ ಪ್ರಕರಣಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಸೇವಾ ಕೇಂದ್ರದವರು ವಾರಂಟಿ ಇಲ್ಲ ಎಂದರೆ ಅದನ್ನು ಕಾರಣದ ಸಮೇತ ಜಾಬ್ ಶೀಟಿನಲ್ಲಿ ಬರೆದುಕೊಡಿ ಎಂದು ಕೇಳಬೇಕು. ಬಾಯಿಮಾತಿನ ನಿರಾಕರಣೆ ಆಯೋಗದ ಮುಂದೆ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಚಿಕ್ಕಮ್ಮನ ವಿಚಾರದಲ್ಲಿ ಆ ಬರಹ ಇಲ್ಲದ್ದರಿಂದಲೇ ಮುಂದಿನ ಹೆಜ್ಜೆ ಇಡಲಾಗಲಿಲ್ಲ. ಇನ್ನೊಂದು ತೊಡಕೂ ಇದೆ. ಒಪ್ಪಂದದ ಷರತ್ತೇ ಅನ್ಯಾಯದ್ದು ಎಂದು ಪ್ರಶ್ನಿಸಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಒಂದು ಫೋನಿಗಾಗಿ ಬೆಂಗಳೂರಿಗೆ ಅಲೆಯುವವರು ಯಾರು? ರಿಪೇರಿಯ ಹಕ್ಕನ್ನು ಕಾಯ್ದೆಯಲ್ಲೇ ಬರೆದರೆ, ಒಬ್ಬೊಬ್ಬರೂ ಷರತ್ತುಗಳ ವಿರುದ್ಧ ಹೋರಾಡುವ ಪ್ರಮೇಯವೇ ಇರುವುದಿಲ್ಲ.

ಆ ಕಾಯ್ದೆಯಲ್ಲಿ ಭಾಷೆಯ ಮಾತೂ ಇರಲೇಬೇಕು. ನಮ್ಮ ಜಿಲ್ಲೆಯ ರಿಪೇರಿಯವರಲ್ಲಿ ಬಹಳ ಮಂದಿ ಕನ್ನಡ, ತೆಲುಗು, ಉರ್ದು ಮಾತಾಡುತ್ತಾ, ಒಬ್ಬರ ಕೈಕೆಳಗೆ ಕುಳಿತು ಕೆಲಸ ಕಲಿತವರು. ಐಟಿಐ ಮುಗಿಸಿ ನರಸಾಪುರದಲ್ಲಿ ಒಂದೆರಡು ವರ್ಷ ಜೋಡಣೆಯ ಕೆಲಸ ಮಾಡಿ, ಪಾಳಿಯ ದುಡಿತ ಸಾಕೆನಿಸಿ ಊರಲ್ಲೇ ಅಂಗಡಿ ಇಡಬೇಕೆನ್ನುವ ಹುಡುಗ ಹುಡುಗಿಯರೂ ಇದ್ದಾರೆ, ಅವರ ಕೈಗೆ ಕಂಪನಿಯ ರಿಪೇರಿ ಕೈಪಿಡಿ ಕನ್ನಡದಲ್ಲಿ ಬಂದರೆ ಊಹೆಯ ಮೇಲೆ ನಡೆಯುವ ಎಷ್ಟೋ ಕೆಲಸ ಖಚಿತವಾಗುತ್ತದೆ. ಇಲಾಖೆ ನಿಯಮಗಳ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿದ ದಿನ, ರಿಪೇರಿ ಅಂಗಡಿಯವರು, ಐಟಿಐ ಬೋಧಕರು, ರೈತರು ಎಲ್ಲರೂ ಸೇರಿ ಕನ್ನಡದಲ್ಲೇ ಪತ್ರ ಬರೆಯಬೇಕೆಂದು ನನ್ನ ಕೋರಿಕೆ. ಭಾಗಗಳನ್ನು ಊರಿನ ಅಂಗಡಿಗೂ ಮಾರಬೇಕು, ಸಾಫ್ಟ್‌ವೇರ್ ಬೀಗ ತೆಗೆಯಬೇಕು, ಕೈಪಿಡಿ ಕನ್ನಡದಲ್ಲಿರಬೇಕು ಎಂಬ ಮೂರು ಬೇಡಿಕೆಗಳು ಆ ಪತ್ರದಲ್ಲಿದ್ದರೆ ಸಾಕು. ಅಂಥ ಪತ್ರದ ಕರಡನ್ನು ಬರೆಯಲು ನಾನು ಸಿದ್ಧನಿದ್ದೇನೆ. ಜೊತೆಯಾಗುವವರು ಇಲ್ಲಿಯೇ ತಿಳಿಸಿ.